ತಂಗೆವ್ವನ ಬದನೆ ಮತ್ತು ಎಲೆಗಣ್ಣು

ಎಲೆಗಣ್ಣು ಎಂಬ ಯಂತ್ರ ಬದನೆ ಸಾಲಿನ ನಡುವೆ ಉರುಳುತ್ತ ಬಂದು ಹನ್ನೊಂದನೆಯ ಗಿಡದ ಮುಂದೆ ನಿಂತಿತು. ಎಲೆಯ ಬಣ್ಣ ಅಳೆದು, ಗಿಡ ಹಸಿದಿದೆ ಎಂದು ತೀರ್ಮಾನಿಸಿ, ಮಂಜಿನಂಥ ಹನಿ ಸಿಂಪಡಿಸಿ ಮುಂದೆ ಹೋಯಿತು. ಆ ಹನಿಯಲ್ಲಿದ್ದುದು ನ್ಯಾನೊ ಸಾರಜನಕ. ಕೂದಲೆಳೆಯ ದಪ್ಪದಲ್ಲಿ ಸಾವಿರದಲ್ಲೊಂದು ಪಾಲಿನಷ್ಟು ಸಣ್ಣ ಕಣಗಳು ಎಲೆಯ ರಂಧ್ರಗಳಲ್ಲಿ ನುಸುಳಿ ಗಿಡಕ್ಕೆ ನೇರವಾಗಿ ಊಟ ಬಡಿಸುತ್ತವೆ. ಹೊಲಕ್ಕೆ ಚೀಲಗಟ್ಟಲೆ ಯೂರಿಯಾ ಸುರಿಯುವ ಕಾಲ ಮುಗಿದು ಇಪ್ಪತ್ತು ವರ್ಷವಾಗಿತ್ತು.

ಘಟಪ್ರಭೆಯ ದಂಡೆಯ ಆ ಮಡಿಯಲ್ಲಿದ್ದ ನಲವತ್ತು ಗಿಡಗಳು ತಂಗೆವ್ವನ ಅತ್ತೆ ಕಾಪಾಡಿಕೊಂಡು ಬಂದ ಮುಳ್ಳುಬದನೆಯ ಕೊನೆಯ ಸಂತಾನ. ಸೊರಗು ರೋಗ ಉಳಿದೆಲ್ಲವನ್ನೂ ನುಂಗಿತ್ತು. ಬೀಜದ ಗಡಿಗೆ ಬರಿದಾಗಿತ್ತು. ಈ ಸಲ ಕಾಯಿ ಕಚ್ಚದಿದ್ದರೆ ತಳಿಯೇ ಮುಗಿಯಿತು. ಗಿಡಗಳೇನೋ ಸೊಂಟದೆತ್ತರ ಬೆಳೆದಿದ್ದವು, ಹೂವು ಮಾತ್ರ ಒಂದೂ ಇಲ್ಲ. ತಂಗೆವ್ವ ಹೇಳಿಕಳಿಸಿದಳು.

ಯಂತ್ರ ಕೊಟ್ಟಿದ್ದ ವಿಜ್ಞಾನಿ ರೇವಣಸಿದ್ಧ ಹಂಜಿ ಬಂದು ಅದರ ದಾಖಲೆ ನೋಡಿದ.

"ವಾರಕ್ಕೊಮ್ಮೆ ಸಾಕಿತ್ರಿ ಅಕ್ಕಾರ. ಇದು ದಿನಾ ಹೊಡದೈತಿ. ಎಲಿ ದಿನಾ ಬಿಳಚಿ ಕಂಡಾವು ಅದಕ್ಕ."

"ಬಿಳಚಿ ಎಲ್ಲದಾವ್ರಿ? ಎಲಿಗೆ ಹೇನು ಬಿದ್ದಾವಂತ ನಾನ ದಿನಾ ಮುಂಜಾನೆ ಒಲಿ ಬೂದಿ ಉಗ್ಗತೀನಿ. ನಮ್ಮತ್ತಿ ಕಾಲದಿಂದ ಉಗ್ಗಕೋತ ಬಂದೀವಿ."

ಹಂಜಿ ಒಂದು ಎಲೆಯನ್ನು ಬೆರಳಿನಿಂದ ಒರೆಸಿದ. ಬೂದಿಯ ಕೆಳಗೆ ಕಡುಹಸಿರು. ಯಂತ್ರಕ್ಕೆ ಬೂದಿಯೇ ಹಸಿವಾಗಿ ಕಂಡಿತ್ತು. ಸಾರಜನಕ ಹೆಚ್ಚಾದರೆ ಎಲೆ ರಸತುಂಬಿ ಮೆತ್ತಗಾಗುತ್ತದೆ, ಮೆತ್ತನೆಯ ಎಲೆಗೆ ರಸ ಹೀರುವ ಹೇನು ಮುತ್ತುತ್ತದೆ. ಹೇನು ಕಂಡರೆ ತಂಗೆವ್ವ ಮತ್ತೆ ಬೂದಿ ಎರಚುತ್ತಾಳೆ, ಯಂತ್ರ ಮತ್ತೆ ಉಣಿಸುತ್ತದೆ. ಹೀಗೆ ಹೊಟ್ಟೆಬಿರಿಯ ತಿಂದ ಗಿಡಕ್ಕೆ ಹೂ ಬಿಡುವ ಉಸಾಬರಿ ಯಾಕೆ ಬೇಕು?

"ಈಗ ದಾರಿ ಏನ್ರಿ?"

"ಉಂಡದ್ದೆಲ್ಲಾ ಎಲಿಯೊಳಗ ಐತಿ. ಮುಕ್ಕಾಲು ಎಲಿ ಕಿತ್ತರ ಹೂ ಬಿಟ್ಟರ ಬಿಟ್ಟಾವು. ಗಿಡ ಸತ್ತರೂ ಸಾಯಬಹುದ್ರಿ. ಖಾತ್ರಿ ಹೇಳಾಕ ನನ್ನ ಕೈಲಿ ಆಗೂದಿಲ್ಲ."

ತಂಗೆವ್ವ ಸೆರಗು ಸಿಕ್ಕಿಸಿ ಮೊದಲ ಗಿಡದ ಮುಂದೆ ಕೂತು ಕೀಳತೊಡಗಿದಳು. ನಲವತ್ತನೆಯದು ಮುಗಿಯುವಾಗ ಅಳು ತಡೆಯಲಾಗಲಿಲ್ಲ. ಮಡಿಯಲ್ಲಿ ತುದಿಗೆ ನಾಲ್ಕೆಲೆ ಉಳಿದ ಕಡ್ಡಿಗಳು ನಿಂತಿದ್ದವು.

ಹಲವು ಗಿಡ ಒಣಗಿಯೇ ಹೋದವು. ಹದಿನೆಂಟನೆಯ ದಿನ ಒಂದರಲ್ಲಿ ನೇರಳೆ ಹೂವು ಕಂಡಿತು, ಆಮೇಲೆ ಇನ್ನೈದರಲ್ಲಿ. ಬೀಜದ ಕಾಯಿಯನ್ನು ಹಳದಿಯಾಗುವವರೆಗೆ ಗಿಡದಲ್ಲೇ ಬಿಡಬೇಕು. ಆಗ ಗಿಡ ತನ್ನ ಸತ್ವವನ್ನೆಲ್ಲ ಬೀಜಕ್ಕೆ ಕೊಟ್ಟು ತಾನು ಸೊರಗುತ್ತದೆ. ಆ ಹೊತ್ತಿನಲ್ಲಿ ಉಣಿಸಿದರೆ ಮತ್ತೆ ಚಿಗುರಿ ಬೀಜವನ್ನು ಮರೆತುಬಿಡುತ್ತದೆ. ಅದಕ್ಕೇ ಹಂಜಿ ಯಂತ್ರಕ್ಕೆ ಹೊಸ ಕಟ್ಟಳೆ ಹಾಕಿದ: ತಂಗೆವ್ವನ ಒಪ್ಪಿಗೆಯಿಲ್ಲದೆ ಒಂದು ಹನಿಯೂ ಬೀಳಬಾರದು.

ಕಾಯಿ ಹಳದಿಗೆ ತಿರುಗುತ್ತಿದ್ದ ಒಂದು ಮುಂಜಾನೆ ಎಲೆಗಣ್ಣು ಆ ಆರು ಗಿಡಗಳ ಮುಂದೆ ನಿಂತು ಕೇಳಿತು: "ಗಿಡ ಹಸದಾವ್ರಿ. ಉಣಸ್ಲೇನ್ರಿ?"

ಈ ಸಲ ಅದು ಹೇಳಿದ್ದು ನಿಜ. ಎಲೆಗಳು ಹಳದಿಯಾಗಿ ಜೋತುಬಿದ್ದಿದ್ದವು. ಹಸಿದು ಬಂದವರನ್ನು ತಂಗೆವ್ವ ಜೀವಮಾನದಲ್ಲಿ ಬರಿಗೈಲಿ ಕಳಿಸಿದವಳಲ್ಲ. ಅವಳು ಕಾಯಿ ನೋಡಲು ಬಂದಿದ್ದ ಹಂಜಿಯ ಕಡೆ ತಿರುಗಿದಳು.

"ಬ್ಯಾಡ ಅನ್ನೂದನ್ನ ಇದಕ್ಕ ಕಲಿಸಿಬಿಡ್ರಿ, ಸಾಹೇಬ್ರ. ನನ್ನ ಬಾಯಿಂದ ಬರವಲ್ದು."

"ಉಣಸೂದಷ್ಟ ಕಲಿಸೀವ್ರಿ ಅಕ್ಕಾರ," ಎಂದ ಹಂಜಿ, ಮೆಲ್ಲಗೆ. "ಯಾವಾಗ ಉಣಸಬಾರದು ಅನ್ನೂದು ನಮಗ ಗೊತ್ತಿರಲಿಲ್ಲ."

ಯಂತ್ರ ಮತ್ತೊಮ್ಮೆ ಕೇಳಿತು. ತಂಗೆವ್ವ ಮುಖ ತಿರುಗಿಸಿಕೊಂಡು "ಬ್ಯಾಡ" ಎಂದಳು.