ಹಿಂದಕ್ಕೆ ತಿರುಗಿದ ಮೀಟರ್

ನಾನು ಶಿರಸಿಯಲ್ಲಿ ಹಳೆಯ ಕಾರು ಮಾರುವವನು. ಮೀಟರ್ ತಿರುಗಿಸುವ ಚಾಳಿ ನನಗಿಲ್ಲ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಮಂಚಿಕೇರಿಯ ಶ್ರೀಲಕ್ಷ್ಮಿ ತೀರಿಹೋದ ಗಂಡನ ಸ್ಪೋರ್ಟ್ಸ್ ಕಾರನ್ನು ಮಾರಲು ತಂದರು. ಮೀಟರ್ ತೊಂಬತ್ತು ಸಾವಿರ ಕಿಲೋಮೀಟರ್ ದಾಟಿತ್ತು.

"ಇಷ್ಟು ಓಡಿದ ಇಂಥಾ ಗಾಡಿಗೆ ಅರ್ಧ ರೇಟೂ ಬರಂಗಿಲ್ರೀ, ಅಕ್ಕಾರ," ಎಂದೆ.

"ಎಂತ ಮಾಡದು? ಗಾಡಿ ಡೆಲಿವರಿ ದಿನವೇ ಅಪಶಕುನ. ಚಕ್ರದಡಿ ಇಡ್ಲಿಕ್ಕೆ ಮೂರೇ ನಿಂಬೆಹಣ್ಣು ಸಿಕ್ಕಿದ್ದು. ಹಿಂದಿನ ಎಡಗಡೆ ಚಕ್ರಕ್ಕೆ ಇಡಲೇ ಇಲ್ಲ," ಎಂದರು.

ಅವರನ್ನು ಅಂಗಡಿಯಲ್ಲಿ ಕೂರಿಸಿ, ಸಿದ್ದಾಪುರದ ರಸ್ತೆಯಲ್ಲಿ ಕಾರು ಓಡಿಸಿ ನೋಡಿದೆ. ಮುಂದೆ ಹೋದಷ್ಟೂ ಮೀಟರಿನ ಅಂಕಿ ಸರಸರ ಇಳಿಯುತ್ತಿತ್ತು. ಕೆಟ್ಟಿರಬೇಕು ಎಂದುಕೊಂಡೆ. ಆದರೆ ಸವೆದು ನುಣ್ಣಗಾಗಿದ್ದ ಕ್ಲಚ್ ಪೆಡಲಿನ ರಬ್ಬರು ಈಗ ಕಾಲಿಗೆ ಒರಟಾಗಿ ತಾಗಿತು. ಸೀಟಿನಿಂದ ಹೊಸ ಗಾಡಿಯ ವಾಸನೆ ಬರತೊಡಗಿತು. ಗಾಬರಿಯಿಂದ ವಾಪಸ್ ಬಂದು ಅಂಗಡಿಯೆದುರು ನಿಲ್ಲಿಸಿದಾಗ ಮೀಟರಿನಲ್ಲಿ ಬರೀ ಸೊನ್ನೆ.

ಹಳೆಯ ಕಾರಿನ ರೇಟು ಹೇಳಬೇಕೋ ಹೊಸದರದ್ದೋ ತಿಳಿಯದೆ ಕೆಳಗಿಳಿದೆ. ಶ್ರೀಲಕ್ಷ್ಮಿ ಹೊರಗೆ ಬಂದು ನೆಲ ನೋಡುತ್ತ ನಿಂತಿದ್ದರು. ಮೂರು ಚಕ್ರಗಳಡಿ ಅಪ್ಪಚ್ಚಿಯಾದ ನಿಂಬೆಹಣ್ಣುಗಳಿಂದ ರಸ ಇನ್ನೂ ಒಸರುತ್ತಿತ್ತು. ಹಿಂದಿನ ಎಡಗಡೆ ಚಕ್ರದಡಿ ನೆಲ ಒಣಗಿತ್ತು.