ಹತ್ತಿಯ ಕವಚ

ಕಲ್ಲುಗುಂಡಿಯ ನಮ್ಮ ಶಾಲೆಯ ಇತಿಹಾಸ ಮೇಳಕ್ಕೆ ವಿಜಯನಗರ ಕಾಲದ ಸೈನಿಕನ ಉಡುಪು ಹೊಲಿದವಳು ನಾನೇ. ಕಬ್ಬಿಣದ ಕವಚಕ್ಕೆ ದುಡ್ಡಿರಲಿಲ್ಲ. ಸಾಮಾನ್ಯ ಸೈನಿಕರು ಹತ್ತಿ ತುಂಬಿದ ದಪ್ಪ ಅಂಗಿ ತೊಡುತ್ತಿದ್ದರೆಂದು ಓದಿ, ಗುಜರಿ ಅಂಗಡಿಯಿಂದ ಹಳೆಯ ಹಾಸಿಗೆಯೊಂದನ್ನು ತಂದು ಬಿಚ್ಚಿ, ಅದರ ಹತ್ತಿಯನ್ನೇ ಅಂಗಿಗೆ ತುಂಬಿದೆ.

ಹೊಲಿದ ಮರುದಿನವೇ ಎಡಪಕ್ಕೆಯಲ್ಲಿ ನಾಲ್ಕು ಬೆರಳಗಲ ಹೊಲಿಗೆ ಬಿಟ್ಟಿತ್ತು. ಮತ್ತೆ ಹಾಕಿದೆ, ಮತ್ತೆ ಅಲ್ಲೇ ಬಿಟ್ಟಿತು. ಮೂರನೆಯ ಸಲ ದಾರ ಮಾತ್ರವಲ್ಲ, ಬಟ್ಟೆಯೂ ಕತ್ತರಿಸಿದಂತೆ ಸೀಳಿತ್ತು. ಬೆರಳಿಟ್ಟರೆ ಒಳಗಿನ ಹತ್ತಿ ಒದ್ದೆಯಾಗಿ, ಬೆಚ್ಚಗಿತ್ತು.

ಅದನ್ನು ತೊಡಬೇಕಿದ್ದವರು ನನ್ನ ಗಂಡ ಅಚ್ಯುತ, ಅದೇ ಶಾಲೆಯ ಪಿ.ಟಿ. ಮಾಸ್ಟ್ರು. ಮಧ್ಯಾಹ್ನ ಹಾಕಿ ನೋಡಿದರು.

“ಇದನ್ನು ಮೊದಲು ಯಾರಿಗಾದ್ರೂ ಹಾಕಿಸಿದ್ದಾ?”

“ಇಲ್ಲ ಮಾರಾಯ್ರೆ. ಎಂತಕ್ಕೆ?”

“ಈಗಷ್ಟೇ ಯಾರೋ ಕಳಚಿ ಕೊಟ್ಟ ಹಾಗೆ ಉಂಟು. ಬೆವರಿನ ವಾಸನೆ ಬರ್ತದೆ.”

ಹೇಳುತ್ತಲೇ ಎಡಪಕ್ಕೆ ಹಿಡಿದುಕೊಂಡು ಕುಸಿದರು. ಅಂಗಿ ಬಿಚ್ಚಿ ನೋಡಿದರೆ ಮೈಮೇಲೆ ಒಂದು ಗೀರೂ ಇರಲಿಲ್ಲ.

ಸುಳ್ಯದ ಆಸ್ಪತ್ರೆಗೆ ಕರೆದೊಯ್ದೆ. ಎಕ್ಸ್‌ರೇ ನೋಡಿದ ಡಾಕ್ಟರು, “ಈ ಪಕ್ಕೆಲುಬು ಮುರಿದು ಎಷ್ಟೋ ವರ್ಷ ಆಗಿದೆ. ತಾನಾಗಿಯೇ ಸೊಟ್ಟಗೆ ಕೂಡಿಕೊಂಡಿದೆ. ಎಲ್ಲಿ ಬಿದ್ದದ್ದು?” ಎಂದು ಕೇಳಿದರು.

ನನ್ನ ಗಂಡ ಎಲ್ಲೂ ಬಿದ್ದವರಲ್ಲ. ಹೋದ ವರ್ಷ ಕೆಮ್ಮಿಗೆಂದು ತೆಗೆಸಿದ ಎಕ್ಸ್‌ರೇ ಮನೆಯ ಕಪಾಟಿನಲ್ಲೇ ಇದೆ. ಅದರಲ್ಲಿ ಆ ಎಲುಬು ನೆಟ್ಟಗಿದೆ.