ಆಮಿನಾಳ ಜೀರ್ಜಿಂಬೆ

ಮುಂಗಾರು ಬೀಳುವುದರೊಳಗೆ ಕೆಂಪುಹೊಳೆಯ ಕೊರಕಲಿಗೆ ಇಳಿಯಬೇಕು, ಒಂದು ಹುಳದ ಮನೆ ಪತ್ತೆ ಹಚ್ಚಬೇಕು, ಮೇಲೆ ಹತ್ತಿ ಬರಬೇಕು. ಕೆಲಸ ಇಷ್ಟೇ. ಸಕಲೇಶಪುರದ ಪೇಟೆಯಲ್ಲಿ ಕೇಳಿದವರೆಲ್ಲ ನಕ್ಕರು. ನಕ್ಕವರು ಯಾರೂ ಆ ಕೊರಕಲಿಗೆ ಇಳಿದವರಲ್ಲ. ಅಲ್ಲಿಗೆ ಇಳಿದ ಬಿಸಿಲೇ ದಾರಿ ತಪ್ಪಿ, ವಾರಗಟ್ಟಲೆ ಅಲೆದು, ಸುಸ್ತಾಗಿ ಬೆಳದಿಂಗಳಾಗಿ ಹೊರಬರುತ್ತದೆ.

ಹೊರಟವರು ಮೂವರು. ಮೊದಲನೆಯವನು ನಸ್ರುಲ್ಲಾ. ಮಹಾಯುದ್ಧ ಮುಗಿದ ಮೇಲೆ ಹರಾಜಿಗೆ ಬಂದ ಜೀಪೊಂದನ್ನು ಹಿಡಿದು ಎಸ್ಟೇಟುಗಳಿಗೆ ಸಾಮಾನು ಸಾಗಿಸುತ್ತಿದ್ದ. ಆ ಜೀಪು ಕೆಮ್ಮಿದರೆ ಆಲೂರಿನಲ್ಲಿ ಮಲಗಿದ್ದ ಮಕ್ಕಳು ಎದ್ದು ಕೂರುತ್ತಿದ್ದವು. ಅದು ಘಟ್ಟ ಹತ್ತುವಾಗ ಎದುರು ಬಂದ ಆನೆಗಳು ಮರ್ಯಾದೆಯಿಂದ ಚರಂಡಿಗೆ ಇಳಿದು ನಿಲ್ಲುತ್ತಿದ್ದವು. ಇದನ್ನು ಹೇಳಿದವನು ನಸ್ರುಲ್ಲಾನೇ. ಆದರೆ ಆನೆಗಳು ಈವರೆಗೆ ಅಲ್ಲಗಳೆದಿಲ್ಲ.

ಎರಡನೆಯವರು ಸುಲೋಚನಮ್ಮ, ಹಾಸನದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಹೇಳುವ ಮೇಡಂ. ಸೀರೆಗೆ ಕಚ್ಚೆ ಹಾಕಿ, ಕಾಲಿಗೆ ಪಟ್ಟಿ ಸುತ್ತಿ, ಹುಳ ಹಿಡಿಯುವ ಬಲೆ ಹೆಗಲಿಗೇರಿಸಿ ಅವರು ನಿಂತರೆ ಹತ್ತೂರಿನ ಚಿಟ್ಟೆಗಳು ರೆಕ್ಕೆ ಮುಚ್ಚಿ ಒಣಗಿದೆಲೆಯ ವೇಷ ಹಾಕುತ್ತಿದ್ದವು. ಮೂರನೆಯವನು ಲಿಂಗಪ್ಪ, ದೋಣಿಗಲ್ ಮೇಲಿನ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ನಸ್ರುಲ್ಲಾನೂ ಅವನೂ ಮಗ್ಗೆಯ ಒಂದೇ ಬೀದಿಯಲ್ಲಿ ಹುಟ್ಟಿ, ಶಾಲೆಯಲ್ಲಿ ಒಂದೇ ಮಣೆಯ ಮೇಲೆ ಕೂತು, ಒಂದೇ ಬೆತ್ತದಲ್ಲಿ ಏಟು ತಿಂದವರು.

ಇಷ್ಟಕ್ಕೆಲ್ಲ ಕಾರಣ ಒಂದು ಜೀರ್ಜಿಂಬೆ. ದೋಣಿಗಲ್ ತಿರುವಿನಲ್ಲಿ ರೇಡಿಯೇಟರಿಗೆ ನೀರು ಹುಯ್ಯುತ್ತಿದ್ದಾಗ ಅದು ಜೀಪಿನ ಟಾರ್ಪಾಲಿನ ಮೇಲೆ ಕೂತಿತ್ತು. ಸಾಮಾನ್ಯ ಜೀರ್ಜಿಂಬೆ ಹಸಿರು. ಇದು ತಾಮ್ರದ ಬಣ್ಣ, ಬೆನ್ನ ಮೇಲೆ ನೀಲಿ ಪಟ್ಟೆ. ನಸ್ರುಲ್ಲಾ ಅದನ್ನು ಮೇಡಂಗೆ ತಲುಪಿಸಿದ. ಅವರು ಬೀರು ತುಂಬ ಇದ್ದ ಪುಸ್ತಕ ತಿರುವಿ ಹಾಕಿ, ಕನ್ನಡಕ ತೆಗೆದು ಹೇಳಿದರು:

“ನಮ್ಮ ದೇಶದ ಯಾವ ಪುಸ್ತಕದಲ್ಲೂ ಇದಿಲ್ಲ. ಕಾಡಿನ ಮರದಲ್ಲಿ ಇದರ ಸಂಸಾರ ಸಿಕ್ಕಿದರೆ ಇದು ಹೊಸ ಜಾತಿ, ಹೆಸರಿಡೋದು ನಮ್ಮ ಪಾಲಿಗೆ ಬರುತ್ತೆ. ಬೇರೆ ದೇಶದಿಂದ ಬಂದದ್ದಾದರೆ ಮಾತ್ರ ಕಷ್ಟ. ಇದು ಮರ ಕೊರೆಯೋ ಹುಳ. ಮೊದಲ ಮಳೆಗೆ ಹೊರಗೆ ಬಂದು ಹರಡಿದರೆ ತೋಟಗಳ ನೆರಳು ಮರದ ಗತಿ ಏನಾಗುತ್ತೋ ಹೇಳೋಕಾಗಲ್ಲ.”

ನಸ್ರುಲ್ಲಾನ ಕಿವಿಗೆ ಹೋದದ್ದು ಮೊದಲ ಅರ್ಧ ಮಾತ್ರ. ತೊಟ್ಟಿಲಲ್ಲಿದ್ದ ಮಗಳು ಆಮಿನಾಳ ಹೆಸರನ್ನು ಹುಳಕ್ಕೆ ಇಡುವುದೆಂದು ಅವನೂ ಮೇಡಮ್ಮೂ ಒಪ್ಪಿಕೊಂಡರು. ಸಂಜೆಯೊಳಗೆ ಅದು ಪೇಟೆಗೆ ಗೊತ್ತಾಯಿತು, ಬೆಳಗಾಗುವುದರೊಳಗೆ ಕೆ. ಹೊಸಕೋಟೆಯ ಬಸ್ಸಿನಲ್ಲಿ, ಲಂಡನ್ನಿನ ರಾಣಿಯೇ ಆಮಿನಾಳಿಗೆ ಕಾಲ್ಗೆಜ್ಜೆ ಕಳಿಸುತ್ತಾಳೆ ಎನ್ನುವವರೆಗೆ ಬೆಳೆದಿತ್ತು.

“ಆ ಹುಳ ನಾನು ಕಂಡಿದೀನಿ ಕಣೋ ನಸ್ರು,” ಎಂದ ಲಿಂಗಪ್ಪ. “ಕೆಂಪುಹೊಳೆ ಕೊರಕಲಲ್ಲಿ ಐತೆ. ದಾರಿ ನಾನು ತೋರುಸ್ತೀನಿ.”

ನಸ್ರುಲ್ಲಾ ಅವನನ್ನು ಅಪ್ಪಿಕೊಂಡ ಬಿಗಿಗೆ ಲಿಂಗಪ್ಪನ ಅಂಗಿಯ ಗುಂಡಿಗಳು ಸಿಡಿದು ಹೇಮಾವತಿಯ ಆಚೆ ದಡದಲ್ಲಿ ಬಿದ್ದವಂತೆ.

ಜೀಪನ್ನು ದೋಣಿಗಲ್‌ನಲ್ಲಿ ಬಿಟ್ಟು ಇಳಿದರು. ಕೊರಕಲು ಎಂದರೆ ಬೆಟ್ಟವನ್ನು ಯಾರೋ ಕೊಡಲಿಯಲ್ಲಿ ಸೀಳಿ ಮುಚ್ಚಲು ಮರೆತಂತಿತ್ತು. ಎರಡೂ ಬದಿ ಧೂಪದ ಮರಗಳು ಆಕಾಶಕ್ಕೆ ಮೊಳೆ ಹೊಡೆದಂತೆ ನಿಂತಿದ್ದವು. ಕೆಳಗೆ ಬೆತ್ತದ ಮುಳ್ಳು, ಅದರ ಕೆಳಗೆ ಕೊಳೆತ ಎಲೆಯ ಹಾಸಿಗೆ, ಅದರೊಳಗೆ ಇಂಬಳ. ಅಲ್ಲಿನ ಇಂಬಳಗಳು ರಕ್ತ ಕುಡಿಯುವ ಮುಂಚೆ ಕುಲಗೋತ್ರ ಕೇಳುತ್ತವೆ. ಸುಣ್ಣ ಹೊಗೆಸೊಪ್ಪು ಕಂಡರೆ ಎಲೆಯಡಿಕೆಯನ್ನೂ ಕೇಳುತ್ತವೆ. ತೀರ ತಳದಲ್ಲಿ ಕೆಂಪುಹೊಳೆ ಬಂಡೆಯಿಂದ ಬಂಡೆಗೆ ಸಣ್ಣಗೆ ಹಾರುತ್ತ ಯಾರಿಗೋ ಚಾಡಿ ಹೇಳುವಂತೆ ಹರಿಯುತ್ತಿತ್ತು.

ಹಾಸುಬಂಡೆಯ ಮೇಲೆ ನಸ್ರುಲ್ಲಾ ಜಾರಿದ. ಜಾರಿ, ಬೆತ್ತದ ಬಳ್ಳಿ ಹಿಡಿದು, ಬಳ್ಳಿ ಹರಿದು, ಇನ್ನೊಂದು ಹಿಡಿದು, ಅಂತೂ ಮೇಡಂ ಚಾಚಿದ ಬಲೆಯೊಳಗೆ ತಲೆ ತೂರಿಸಿ ನಿಂತ.

“ಇಷ್ಟು ದೊಡ್ಡದನ್ನ ನಾನು ಹಿಡಿದೇ ಇರಲಿಲ್ಲ,” ಎಂದರು ಮೇಡಂ.

“ನೀವು ನಿಲ್ಲಿ, ನಾನು ಮುಂದೆ ಹೋಗಿ ದಾರಿ ಕಡೀತೀನಿ,” ಎಂದ ಲಿಂಗಪ್ಪ. ಕತ್ತಿ ಬೀಸುತ್ತ ಬಳ್ಳಿಗಳ ಹಿಂದೆ ಮರೆಯಾದ. ದಾರಿಯುದ್ದಕ್ಕೂ ಅವನು ಹಾಗೆಯೇ ಮುಂದೆ ಹೋಗುತ್ತಿದ್ದ. ಎಂಥ ಗೆಳೆಯ ಎಂದು ನಸ್ರುಲ್ಲಾ ಎದೆ ಉಬ್ಬಿಸಿಕೊಳ್ಳುತ್ತಿದ್ದ.

ಹೊಳೆ ದಾಟಿ ಆಚೆ ದಡ ಹತ್ತುವಾಗ ಲಿಂಗಪ್ಪನ ಕೂಗು ಕೇಳಿತು. “ಸಿಕ್ತು! ಮೇಡಂ, ಇಲ್ಲೈತೆ ನೋಡಿ!”

ಓಡಿದರು. ಹೆಬ್ಬಲಸಿನ ಮರವೊಂದರ ಬೊಡ್ಡೆಯ ಮೇಲೆ ತಾಮ್ರದ ಹನಿಗಳಂತೆ ಐದಾರು ಜೀರ್ಜಿಂಬೆಗಳು! ಒಂದೊಂದರ ಬೆನ್ನಿಗೂ ನೀಲಿ ಪಟ್ಟೆ. ನಸ್ರುಲ್ಲಾ ಹಾಕಿದ ಕೇಕೆಗೆ ದಕ್ಷಿಣ ಕನ್ನಡದ ತೆಂಗಿನಕಾಯಿಗಳು ಉದುರಿದವು. “ಆಮಿನಾ! ನೋಡೇ ನಿನ್ನ ಹುಳ!” ಎಂದು ಕುಣಿದ.

ಮೇಡಂ ಕುಣಿಯಲಿಲ್ಲ. ಬೊಡ್ಡೆಯ ಸುತ್ತ ಮೂರು ಸಲ ಬಂದರು. “ಮರ ಕೊರೆಯೋ ಹುಳ ಇದು. ಆದರೆ ಮರದಲ್ಲಿ ಒಂದೂ ತೂತಿಲ್ಲವಲ್ಲ?”

“ಮ್ಯಾಲೆ ಇರ್ತಾವೆ ಮೇಡಂ, ಕೊಂಬೆ ಕಡೆ,” ಎಂದ ಲಿಂಗಪ್ಪ ಥಟ್ಟನೆ.

“ಇರಬಹುದು.” ಅವರು ಒಂದು ಹುಳವನ್ನು ಎತ್ತಿ ಕಣ್ಣ ಹತ್ತಿರ ಹಿಡಿದರು. ಅದರ ಕಾಲಿಗೆ ಏನೋ ಅಂಟಿತ್ತು. ಅಕ್ಕಿ ನುಚ್ಚಿನಂಥ ಪುಟ್ಟ ಎಲೆಗಳು ಸಾಲಾಗಿ ಕೂತ ಒಂದು ಚೂರು ಎಸಳು. ತೊಗಟೆಯ ಸಂದಿಯಲ್ಲೂ ಅಂಥದೇ ಇನ್ನೊಂದು. “ಇದ್ಯಾವ ಗಿಡದ್ದು? ಈ ಕಾಡಲ್ಲಿ ನಾನು ಇದನ್ನ ಕಂಡಿಲ್ಲ.”

ನಸ್ರುಲ್ಲಾನ ಕುಣಿತ ನಿಂತಿತು.

ಅದು ಜಾಲಿ. ಈ ಮಳೆಕಾಡಿನಲ್ಲಿ ಹೂತಿಟ್ಟರೂ ಹುಟ್ಟದ ಜಾಲಿ. ಮಗ್ಗೆಯ ಕಡೆ ಕೆರೆ ಏರಿಯ ಮೇಲೆ ಬೆಳೆಯುತ್ತದೆ. ಮಗ್ಗೆಯ ಹುಡುಗರು ಜೀರ್ಜಿಂಬೆ ಹಿಡಿದು ಬೆಂಕಿಪೊಟ್ಟಣಕ್ಕೆ ಹಾಕಿದರೆ ಮೇಲೊಂದು ಚಿಟಿಕೆ ಜಾಲಿಸೊಪ್ಪು ಉದುರಿಸಲೇಬೇಕು. ಇಲ್ಲದಿದ್ದರೆ ಹುಳ ಹಸಿದು ಸಾಯುತ್ತದೆ, ಸಾಯಿಸಿದವನ ಕಿವಿಯಲ್ಲಿ ಜನ್ಮಪೂರ್ತಿ ಗುಂಯ್ ಅನ್ನುತ್ತದೆ ಎಂದು ಅಲ್ಲಿನ ಪುಟ್ಟ ಮಕ್ಕಳಿಗೂ ಗೊತ್ತು. ನಸ್ರುಲ್ಲಾನಿಗೆ ಆ ಸೊಪ್ಪು ಕಿತ್ತುಕೊಡುತ್ತಿದ್ದವನು ಲಿಂಗಪ್ಪ; ಮುಳ್ಳು ಚುಚ್ಚಿಸಿಕೊಂಡು, ಬೆರಳು ಚೀಪುತ್ತ ಕೊಡುತ್ತಿದ್ದ. ಮೋಸಕ್ಕೆ ಹೊರಟಾಗಲೂ ಆ ಕೈ ಹಳೇ ಅಭ್ಯಾಸದಿಂದ ಹುಳಕ್ಕೆ ಊಟ ಕಟ್ಟಿಕೊಟ್ಟಿತ್ತು.

ಆ ಕಾಡಿನಲ್ಲಿ ಈ ಎಲೆಯ ಅರ್ಥ ಬಲ್ಲವರು ಇಬ್ಬರೇ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಲಿಂಗಪ್ಪನ ಕಣ್ಣು ಬೇಡುತ್ತಿತ್ತು. ಸುಮ್ಮನಿದ್ದರೆ ಸಾಕು, ಪುಸ್ತಕ ಇರುವಷ್ಟು ಕಾಲ ಪುಸ್ತಕದಲ್ಲಿ ಆಮಿನಾ ಇರುತ್ತಾಳೆ. ಸುಮ್ಮನಿರುವುದೇನು ಮಹಾ! ಆದರೆ ಮೇಡಂ ಹೇಳಿದ ಇನ್ನರ್ಧ ಮಾತು ಈಗ ನಸ್ರುಲ್ಲಾನ ಕಿವಿಯೊಳಗೆ ಬಂದು ಕೂತಿತ್ತು.

“ಜಾಲಿ ಮೇಡಂ,” ಎಂದ. “ಈ ಕಡೆ ಬೆಳೆಯಲ್ಲ. ಯಾರೋ ಪೊಟ್ಟಣದಲ್ಲಿ ತಂದು ಇಲ್ಲಿ ಬುಟ್ಟವ್ರೆ.”

“ಗಾಳೀಲಿ ಬಂದಿರ್ಬೇಕು ಕಣೋ!” ಎಂದ ಲಿಂಗಪ್ಪ.

“ಮಗ್ಗೆಯಿಂದ? ಬಸ್ಸೇ ಆಲೂರಲ್ಲಿ ಕಾಫಿ ಕುಡಿದು ಬರುತ್ತೆ, ನಿನ್ನ ಗಾಳಿ ಸೀದಾ ಬಂತಾ? ಜೇಬು ತೋರ್ಸು.”

“ನಸ್ರು...”

“ಜೇಬು ತೋರ್ಸೋ!”

ಲಿಂಗಪ್ಪನ ಕೈ ತಾನಾಗಿ ಜೇಬನ್ನು ಮುಚ್ಚಿತು. ಅಷ್ಟರಲ್ಲಿ ಪಡುವಣದ ಕಡೆ ಆಕಾಶ ಬಿರಿಯಿತು.

“ಮಳೆ!” ಎಂದರು ಮೇಡಂ, ಬೊಡ್ಡೆಯ ಮೇಲಿದ್ದ ಹುಳಗಳನ್ನೆಲ್ಲ ಹೆಕ್ಕಿ ಕಾಲಡಿ ಹೊಸಕುತ್ತ. “ಇವು ಬಂದ ಜಾಗದಲ್ಲಿ ಇನ್ನೂ ಎಷ್ಟಿವೆಯೋ. ಮಳೆ ಅಲ್ಲಿಗೆ ತಲುಪೋದರೊಳಗೆ ನಾವು ಅಲ್ಲಿರಬೇಕು. ಎಲ್ಲಿ ಅದು, ಲಿಂಗಪ್ಪ?”

ಲಿಂಗಪ್ಪ ಕತ್ತಿ ಎತ್ತಿಕೊಂಡು ಹೊಳೆಯ ಕಡೆ ತಿರುಗಿದ.

ಇಳಿದರು. ಓಡಿದರು. ಮೇಲೆಲ್ಲೋ ಮಳೆ ಆಗಲೇ ಹಿಡಿದಿತ್ತು.

ಬೆಳಿಗ್ಗೆ ಪಾದ ನೆನೆಯದೆ ದಾಟಿದ್ದ ಹೊಳೆ ಈಗ ಕೆಂಪಗೆ ಉಬ್ಬಿತ್ತು. ಆನೆಮರಿಯಷ್ಟು ದಿಮ್ಮಿಗಳು ಬೆಂಕಿಕಡ್ಡಿಯಂತೆ ತೇಲಿ ಬರುತ್ತಿದ್ದವು.

ನಸ್ರುಲ್ಲಾ ಹೆಗಲಿಗೆ ಸುತ್ತಿದ್ದ ಹಗ್ಗವನ್ನು ಮರಕ್ಕೆ ಬಿಗಿದು, ತುದಿ ಹಿಡಿದು ಈಜಿ, ಆಚೆ ಬಂಡೆಗೆ ಕಟ್ಟಿದ. ಮೇಡಂ ಬಲೆಯನ್ನು ಹಲ್ಲಲ್ಲಿ ಕಚ್ಚಿ ಹಗ್ಗ ಹಿಡಿದು ಬಂದರು. ಕೊನೆಗೆ ಲಿಂಗಪ್ಪ ಇಳಿದ.

ನಡುಹೊಳೆ. ಒಂದು ಕೊಂಬೆ ಬಂದು ಬಡಿಯಿತು.

ಹಗ್ಗ ಇತ್ತು. ಲಿಂಗಪ್ಪ ಇರಲಿಲ್ಲ.

ನಸ್ರುಲ್ಲಾ ಯೋಚಿಸಲಿಲ್ಲ. ದಡದುದ್ದಕ್ಕೂ ಓಡಿ, ಬಂಡೆಯ ಮೇಲಿಂದ ಧುಮುಕಿದ. ನೀರು ಅವನನ್ನು ಒಗೆಯಿತು, ಹಿಂಡಿತು, ಕೊಡವಿತು. ಕೈಗೊಂದು ಕಾಲರ್ ಸಿಕ್ಕಿತು. ಎಳೆದ. ಹೊಳೆಯೂ ಎಳೆಯಿತು. ಮೇಡಂ ಚಾಚಿದ ಬಲೆಕೋಲು ಹಿಡಿದು ಹೊಳೆಯ ಬಾಯಿಂದ ಅವನನ್ನು ಕಿತ್ತು ತಂದ.

ಲಿಂಗಪ್ಪ ನೀರು ಕಾರಿದ. ಪಾದ ಉಳುಕಿ ಊದಿತ್ತು. “ಬುಟ್ಬಿಡಬೇಕಿತ್ತು ಕಣೋ ನನ್ನ,” ಎಂದ.

“ಬುಟ್ಟಿದ್ರೆ ಹುಳ ಎಲ್ಲೈತೆ ಅಂತ ಯಾರು ಹೇಳೋರು?” ಎಂದ ನಸ್ರುಲ್ಲಾ.

ಆ ಮಾತು ಹೊಳೆಗಿಂತ ತಣ್ಣಗಿತ್ತು. ಲಿಂಗಪ್ಪ ಮುಖ ಮುಚ್ಚಿಕೊಂಡು ಹೇಳಿದ. ಕಾಫಿ ಹಣ್ಣು ಸುಲಿಯುವ ಹೊಸ ಪಲ್ಪರ್ ಯಂತ್ರ ಹಡಗಿನಲ್ಲಿ ಬಂದಿತ್ತು, ಮರದ ಪೆಟ್ಟಿಗೆಗಳಲ್ಲಿ. ಪೆಟ್ಟಿಗೆಗಳನ್ನು ಸುಟ್ಟುಬಿಡಿ ಎಂದು ಸಾಹುಕಾರರು ಹೇಳಿದ್ದರು. ಹಲಗೆ ಚೆನ್ನಾಗಿತ್ತು, ಮನೆಗೊಂದು ಮಂಚವಾದೀತೆಂದು ಲಿಂಗಪ್ಪ ಸ್ಟೋರ್ ಹಿಂದೆ ಪೇರಿಸಿದ್ದ. ಅದರಿಂದ ಹೊರಬಿದ್ದ ಹುಳವೊಂದು ಸಾಮಾನು ಇಳಿಸಲು ಬಂದ ಜೀಪನ್ನು ಹತ್ತಿತ್ತು. ಹಲಗೆಯಲ್ಲಿದ್ದ ಐದಾರನ್ನು ಹೆಕ್ಕಿ, ಊರಿಗೆ ಹೋದಾಗ ಕಿತ್ತ ಜಾಲಿಸೊಪ್ಪಿನ ಜೊತೆ ಪೊಟ್ಟಣದಲ್ಲಿಟ್ಟು, ದಾರಿ ಕಡಿಯುವ ನೆಪದಲ್ಲಿ ಮುಂದೆ ಹೋಗಿ ಮರಕ್ಕೆ ಬಿಟ್ಟಿದ್ದ. “ಗೊತ್ತಾದ್ರೆ ಕೆಲಸ ಹೋಗ್ತಿತ್ತು. ಕಾಡಿಂದು ಅಂದ್ರೆ ನಿಂಗೂ ಖುಷಿ, ನಂಗೂ ಬಚಾವು ಅಂದ್ಕೊಂಡೆ.”

“ನನ್ನ ಮಗಳ ಹೆಸರು ಇಟ್ಕೊಂಡು ಬಚಾವಾಗೋಕೆ ಹೊಂಟಿದ್ದೆ,” ಎಂದ ನಸ್ರುಲ್ಲಾ. ಆಮೇಲೆ ಬೆನ್ನು ಬಗ್ಗಿಸಿದ. “ಹತ್ತು. ಮಳೆ ನಿಲ್ಲಲ್ಲ.”

ಆ ಹೊರೆ ಹೊತ್ತು ಕೊರಕಲು ಹತ್ತಿದ್ದನ್ನು ಬೆಟ್ಟಗಳು ಇವತ್ತಿಗೂ ನೆನೆಸಿಕೊಂಡು ಬೆವರುತ್ತವೆ. ಜನ ಅದನ್ನು ಮಂಜು ಅನ್ನುತ್ತಾರೆ. ಮೇಡಂ ಮುಂದೆ ಮುಳ್ಳು ಸರಿಸುತ್ತಿದ್ದರು. ಹಿಂದೆ ನಸ್ರುಲ್ಲಾನ ಕಿವಿಯ ಹತ್ತಿರವೇ ಲಿಂಗಪ್ಪನ ಉಸಿರು. ಅದು ಕೇಳಿಸದಂತೆ ನಸ್ರುಲ್ಲಾ ಜೋರಾಗಿ ಏದುಸಿರು ಬಿಡುತ್ತಿದ್ದ.

ದೋಣಿಗಲ್‌ನಲ್ಲಿ ಜೀಪು ಹ್ಯಾಂಡಲಿನ ಒಂದೇ ತಿರುವಿಗೆ ಹತ್ತಿಕೊಂಡಿತು. ಮೋಡ ಹಿಂದೆ, ಜೀಪು ಮುಂದೆ. ಎಸ್ಟೇಟ್ ತಲುಪುವಾಗ ಹೆಂಚಿನ ಮೇಲೆ ಮೊದಲ ಹನಿಗಳು ಟಪಟಪ ಬೀಳುತ್ತಿದ್ದವು.

ಸ್ಟೋರ್ ಹಿಂದಿನ ತಗಡು ಎತ್ತಿದರು. ಹಲಗೆಯ ತುಂಬ ತೂತು. ತೂತು ತೂತಿನಲ್ಲೂ ಒಂದೊಂದು ತಾಮ್ರದ ತಲೆ, ಮೀಸೆ ಆಡಿಸುತ್ತ ಮಳೆಯ ವಾಸನೆ ನೋಡುತ್ತಿತ್ತು.

“ಈಗಲೇ!” ಎಂದರು ಮೇಡಂ, ಎರಡನ್ನು ಮಾತ್ರ ಶೀಶೆಗೆ ಹಾಕಿಕೊಂಡು.

ನಸ್ರುಲ್ಲಾ ಜೀಪಿನ ಟ್ಯಾಂಕಿನಲ್ಲಿದ್ದ ಪೆಟ್ರೋಲನ್ನು ಕೊನೆಯ ಹನಿಯವರೆಗೆ ಬಸಿದು ಸುರಿದ. ಬೆಂಕಿ ಎದ್ದ ಎತ್ತರಕ್ಕೆ ಮೋಡವೇ ಒಂದು ಹೆಜ್ಜೆ ಹಿಂದೆ ಸರಿಯಿತು. ಕೂಲಿಯವರ ಲೈನುಮನೆಗಳಿಂದ ಓಡಿ ಬಂದ ತೋಟದಾಳು ಚೌಡಮ್ಮ ಸೊಂಟಕ್ಕೆ ಕೈಯಿಟ್ಟಳು.

“ಮಂಚ ಮಾಡುಸ್ತೀನಿ ಅಂತಿದ್ರಲ್ಲ ರೈಟರಪ್ಪಾ, ಒಲೆ ಮಾಡುಸ್ಬುಟ್ರಾ?”

ಲಿಂಗಪ್ಪ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತಿದ್ದ.

ಬೆಂಕಿ ಆರುವ ಹೊತ್ತಿಗೆ ಮಳೆ ಧೋ ಎಂದು ಸುರಿಯಿತು. ಮೇಡಂ ನೆನೆಯುತ್ತಲೇ ಸುತ್ತಲಿನ ಮರಗಳನ್ನೆಲ್ಲ ಬುಡದಿಂದ ತಡವಿ ನೋಡಿ ಬಂದರು. ಎಲ್ಲೂ ತೂತಿರಲಿಲ್ಲ. ಮೊದಲ ಸಲ ನಕ್ಕರು.

ಸ್ಟೋರಿನ ಜಗಲಿಯಲ್ಲಿ ಕೂತು ಎರಡು ಹುಳಗಳಿಗೂ ಚೀಟಿ ಬರೆದರು. “ಹೊಸ ಜಾತಿ ಅಲ್ಲ. ಯಾವುದೋ ದೇಶದವರು ಯಾವತ್ತೋ ಹೆಸರಿಟ್ಟಿರುತ್ತಾರೆ. ಆದರೆ ಇಲ್ಲಿ ಕಂಡದ್ದು ದಾಖಲೆಯಾಗಬೇಕು. ಮೊದಲು ಕಂಡವರು ನಸ್ರುಲ್ಲಾ, ಸಕಲೇಶಪುರ. ಮೂಲದ ಜಾಗ ತೋರಿಸಿದವರ ಹೆಸರೂ ಬರೆಯೋದು ಪದ್ಧತಿ. ಏನಂತ ಬರೀಲಿ?”

ಲಿಂಗಪ್ಪ ತಲೆಯೆತ್ತಿದ.

ನಸ್ರುಲ್ಲಾ ಮಳೆಯನ್ನೇ ನೋಡುತ್ತಿದ್ದ. “ಯಾರೋ ಪರಿಚಯದವರು ಅಂತ ಬರೀರಿ,” ಎಂದ.

ಪೆಟ್ರೋಲಿಲ್ಲದ ಜೀಪನ್ನು ಲಾರಿಯೊಂದಕ್ಕೆ ಕಟ್ಟಿಸಿಕೊಂಡು ಸಕಲೇಶಪುರ ಮುಟ್ಟಿದಾಗ ಪೇಟೆಯೆಲ್ಲ ಸುತ್ತುಗಟ್ಟಿತು. “ಎಲ್ಲಪ್ಪಾ ರಾಣಿ ಕಳಿಸಿದ ಗೆಜ್ಜೆ? ಎಲ್ಲಿ ಹುಳ?”

“ಸುಟ್ಟು ಬಂದೆ,” ಎಂದ ನಸ್ರುಲ್ಲಾ.

ಜನ ಬಿದ್ದು ಬಿದ್ದು ನಕ್ಕರು. ನಗುವವರಲ್ಲಿ ತೋಟದವರೇ ಹೆಚ್ಚು. ಅವರ ನೆರಳು ಮರಗಳು ಗುಡ್ಡದ ಮೇಲೆ ಮಳೆಯಲ್ಲಿ ಮಿಂದು ಹಸಿರಾಗಿ ನಿಂತಿದ್ದವು. ಅವನ್ನು ಒಂದು ಗಳಿಗೆ ನೋಡಿ, ಇರಲಿ, ನಗಲಿ ಅನ್ನಿಸಿ ನಸ್ರುಲ್ಲಾ ಮನೆಯ ಕಡೆ ನಡೆದ.

ಮನೆಯಲ್ಲಿ ಆಮಿನಾ ತೊಟ್ಟಿಲಲ್ಲಿ ಕಾಲು ಆಡಿಸುತ್ತಿದ್ದಳು. ಹೆಂಡತಿ ನೂರುನ್ನೀಸಾ ಮೊರದಲ್ಲಿ ಅಕ್ಕಿ ಹಿಡಿದುಕೊಂಡು ಬಾಗಿಲಿಗೆ ಬಂದಳು. ಅವನ ಹಿಂದೆ ಬೀದಿಯನ್ನು ಇಣುಕಿ ನೋಡಿದಳು.

“ಲಿಂಗಪ್ಪಣ್ಣ ಹಿಂದೆ ಬರ್ತಾವ್ರಾ?”

ನಸ್ರುಲ್ಲಾ ಒದ್ದೆ ಅಂಗಿ ಬಿಚ್ಚಿ ಹಿಂಡಿದ.

“ಇಲ್ಲ,” ಎಂದ. “ಅಕ್ಕಿ ಕಮ್ಮಿ ಹಾಕು.”